ಕೇಳಿ, ಹೇಳ್ತೀನಿ: ರಕ್ತ ಸೋರದ ಗುಳಿಗೆ ಬರುತ್ತಾ?

ಹೋದ ಸಂಚಿಕೆಯಲ್ಲಿ ಲಕ್ವದ ಬಗ್ಗೆ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು, ರಕ್ತ ತೆಳು ಮಾಡುವ ಗುಳಿಗೆಯದ್ದು. ಕೊಪ್ಪಳದಲ್ಲಿ ನನ್ನ ಕ್ಲಿನಿಕ್ಕಿನ ಬಾಗಿಲಲ್ಲೂ ಜನ ಇದನ್ನೇ ಕೇಳುತ್ತಾರೆ. ಅದಕ್ಕೇ ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇವನ್ನೇ ಎತ್ತಿಕೊಂಡಿದ್ದೇನೆ. ಬರೆದವರ ಹೆಸರು ಹಾಕಿಲ್ಲ.

ಪ್ರಶ್ನೆ: ಡಾಕ್ಟರಮ್ಮಾ, ನಮಸ್ಕಾರ. ನಾನು ಗಂಗಾವತಿಯಲ್ಲಿ ಹೈಸ್ಕೂಲ್ ಟೀಚರ್. ನಮ್ಮ ಅಪ್ಪನಿಗೆ 74 ವರ್ಷ. ಹೃದಯದ ಬಡಿತ ತಾಳ ತಪ್ಪಿದೆ ಎಂದು ಎರಡು ವರ್ಷದಿಂದ ಅಪಿಕ್ಸಬಾನ್ 5 ಮಿಲಿಗ್ರಾಂ ಗುಳಿಗೆ ದಿನಕ್ಕೆ ಎರಡು ಸಲ ತೆಗೆದುಕೊಳ್ಳುತ್ತಾರೆ. ಮೊಣಕಾಲು ನೋವಿಗೆ ಅಂಗಡಿಯಿಂದ ಇನ್ನೊಂದು ಗುಳಿಗೆ ತರಿಸಿ ಆಗಾಗ ನುಂಗುತ್ತಾರೆ. ಹದಿನೈದು ದಿನದಿಂದ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುತ್ತಿದೆ. ಅಪ್ಪ ಹೆದರಿ ರಾತ್ರಿ ಗುಳಿಗೆ ಬಿಟ್ಟಿದ್ದಾರೆ. ರಕ್ತ ಸೋರದ ಹೊಸ ಔಷಧ ಬರುತ್ತಿದೆ ಎಂದು ಓದಿದೆ. ನಿಜವಾ? ಅದು ಬರುವ ತನಕ ಇದನ್ನು ನಿಲ್ಲಿಸಬಹುದಾ?

ಉತ್ತರ: ಟೀಚರಮ್ಮ, ಮೊದಲು ಕೊನೆಯ ಪ್ರಶ್ನೆಗೆ ಉತ್ತರ. ನಿಲ್ಲಿಸಬೇಡಿ. ಇವತ್ತು ರಾತ್ರಿಯೇ ಅಪ್ಪನಿಗೆ ಗುಳಿಗೆ ಕೊಡಿ. ನಾಳೆ ಬೆಳಿಗ್ಗೆ ಅವರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಇಷ್ಟು ಖಡಾಖಂಡಿತವಾಗಿ ಯಾಕೆ ಹೇಳುತ್ತಿದ್ದೇನೆ ಅಂದರೆ, ಕುಷ್ಟಗಿ ಕಡೆಯ ಒಬ್ಬ ರೈತರನ್ನು ನಾನು ಮರೆತಿಲ್ಲ. ಅವರಿಗೂ ಇದೇ ಕಾಯಿಲೆ, ಇದೇ ಗುಳಿಗೆ. ಕ್ಷೌರ ಮಾಡಿಸುವಾಗ ಗದ್ದದ ಹತ್ತಿರ ಸಣ್ಣಗೆ ಕೊಯ್ದು, ಪಟಕ ಹಚ್ಚಿದರೂ ಬಹಳ ಹೊತ್ತು ರಕ್ತ ನಿಲ್ಲಲಿಲ್ಲವಂತೆ. ಹೆದರಿ ಗುಳಿಗೆ ಬಿಟ್ಟರು. ಯಾರಿಗೂ ಹೇಳಲಿಲ್ಲ. ಮೂರು ವಾರ ಏನೂ ಆಗಲಿಲ್ಲ. ಒಂದು ದಿನ ಬೆಳಿಗ್ಗೆ ಬಸಿಯಲ್ಲಿ ಚಹಾ ಕುಡಿಯುವಾಗ ಬಾಯಿಯ ಒಂದು ಬದಿಯಿಂದ ಚಹಾ ಸೋರಿ ಅಂಗಿ ತೊಯ್ದಿತು. ನೋಡಿದ್ದು ಅವರ ಹೆಂಡತಿ. ನನ್ನ ಹತ್ತಿರ ಬಂದಾಗ ಎಡಗೈಯಿಂದ ಬಲಗೈ ಹಿಡಿದುಕೊಂಡು ಕೂತಿದ್ದರು, ಬೇರೆ ಯಾರದೋ ಕೈ ಹಿಡಿದ ಹಾಗೆ. ಆ ಕೈ ಮತ್ತೆ ಕುಂಟೆ ಹಿಡಿಯಲಿಲ್ಲ.

ಬಡಿತ ತಾಳ ತಪ್ಪಿದ ಹೃದಯದಲ್ಲಿ ಮೇಲಿನ ಕೋಣೆ ಸರಿಯಾಗಿ ಹಿಂಡಿಕೊಳ್ಳುವುದಿಲ್ಲ, ಸುಮ್ನೆ ನಡುಗುತ್ತದೆ. ಮೂಲೆಯಲ್ಲಿ ನಿಂತ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ತುಣುಕು ಮೆದುಳಿಗೆ ಹೋದರೆ ಲಕ್ವ. ಈ ಕಾಯಿಲೆ ಇದ್ದವರಿಗೆ ಲಕ್ವದ ಅಪಾಯ ಉಳಿದವರಿಗಿಂತ ಸುಮಾರು ಐದು ಪಟ್ಟು ಜಾಸ್ತಿ. ವಸಡಿನ ರಕ್ತ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಹೆದರುತ್ತೇವೆ. ಹೃದಯದ ಮೂಲೆಯ ಹೆಪ್ಪು ಕಾಣುವುದಿಲ್ಲ.

ಈಗ ವಸಡಿನ ವಿಷಯ. ನನಗೆ ಮೊದಲ ಅನುಮಾನ ಮೊಣಕಾಲಿನ ಗುಳಿಗೆಯ ಮೇಲೆ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಇಂಥವು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳ ಕೈ ಕಟ್ಟುತ್ತವೆ, ಹೊಟ್ಟೆಯ ಒಳಪದರವನ್ನು ಕೆರೆಯುತ್ತವೆ, ಮೂತ್ರಪಿಂಡಕ್ಕೂ ಪೆಟ್ಟು. ಅಪಿಕ್ಸಬಾನ್ ಜೊತೆ ಇವು ಸೇರಿದರೆ ರಕ್ತ ಸೋರುವುದು ಜಾಸ್ತಿಯಾಗುತ್ತದೆ. ನೋವಿಗೆ ಡಾಕ್ಟರನ್ನು ಕೇಳಿ ಪ್ಯಾರಾಸಿಟಮಾಲ್ ಕೊಡಿ. ಹೋಗುವಾಗ ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಟೇಬಲ್ ಮೇಲೆ ಸುರಿಯಿರಿ. ಹಳೆಯ ಚೀಟಿಯ ಆಸ್ಪಿರಿನ್ ಇನ್ನೂ ನಡೆಯುತ್ತಿರುವುದು ಎಷ್ಟೋ ಸಲ ನನಗೆ ಆ ಚೀಲದಲ್ಲೇ ಸಿಕ್ಕಿದೆ. ಹಿಮೋಗ್ಲೋಬಿನ್, ಕ್ರಿಯಾಟಿನಿನ್ (ಮೂತ್ರಪಿಂಡ ಹೇಗಿದೆ ಎಂದು ನೋಡುವ ರಕ್ತ ಪರೀಕ್ಷೆ), ಬಿಪಿ ನೋಡಿಸಿ. ಹಲ್ಲಿನ ಡಾಕ್ಟರ ಹತ್ತಿರ ಕಿಟ್ಟ ತೆಗೆಸಿ.

ಗುಳಿಗೆ ಅರ್ಧ ಮಾಡಿ ಕೊಡೋಣ ಎಂದೂ ಯೋಚಿಸಬೇಡಿ. 2.5 ಮಿಲಿಗ್ರಾಂಗೆ ಇಳಿಸಲು ಲೆಕ್ಕ ಇದೆ. ವಯಸ್ಸು 80 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು, ತೂಕ 60 ಕಿಲೋ ಅಥವಾ ಅದಕ್ಕಿಂತ ಕಡಿಮೆ ಇರಬೇಕು, ಕ್ರಿಯಾಟಿನಿನ್ 1.5 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಈ ಮೂರರಲ್ಲಿ ಎರಡಾದರೂ ಇದ್ದರೆ ಇಳಿಸುತ್ತೇವೆ. ಅದನ್ನು ಡಾಕ್ಟರೇ ನೋಡಬೇಕು.

ಮಲ ಡಾಂಬರಿನ ಹಾಗೆ ಕಪ್ಪಗೆ ಬಂದರೆ, ಮೂತ್ರ ಕೆಂಪಾದರೆ, ಬಿದ್ದು ತಲೆಗೆ ಪೆಟ್ಟಾದರೆ ಮಾತ್ರ ಬೆಳಗಾಗಲಿ ಎಂದು ಕಾಯಬೇಡಿ. ಸೀದಾ ದೊಡ್ಡ ಆಸ್ಪತ್ರೆಗೆ ಹೋಗಿ.

ಇನ್ನು ನೀವು ಓದಿದ ಹೊಸ ಔಷಧ. ಹೌದು, ನಿಜ. ನನಗೂ ಅದರ ಮೇಲೆ ಬಹಳ ಆಸೆ ಇದೆ. ಆದರೆ ಪೂರ್ತಿ ಕಥೆ ಕೇಳಿ.

ನೀವು ಗಂಗಾವತಿಯವರು, ತುಂಗಭದ್ರೆಯ ನೀರು ಕುಡಿಯುವವರು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದದ್ದು ನೆನಪಿದೆ ಅಲ್ವಾ? ನಮ್ಮ ಜಿಲ್ಲೆಗೆ ಜಿಲ್ಲೆಯೇ ನಿದ್ದೆ ಮಾಡಲಿಲ್ಲ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎನ್ನುವ ಅಡ್ಡ ತಡೆಗಳನ್ನು ಇಳಿಸಿ ಮುಚ್ಚಿದರು. ಗಾಯವಾದಾಗ ದೇಹ ಮಾಡುವುದೂ ಅದೇ. ಅದು ಬೇಕೇ ಬೇಕು. ಅದೇ ಡ್ಯಾಮಿನಲ್ಲಿ ಇನ್ನೊಂದು ತೊಂದರೆಯೂ ಇದೆ, ಹೂಳು. ಮೊದಲು ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿದ್ದದ್ದು ಈಗ 105ರ ಆಸುಪಾಸಿಗೆ ಇಳಿದಿದೆ. ರಕ್ತನಾಳದ ಒಳಗೆ ಬೇಡದ ಹೆಪ್ಪು ಬೆಳೆಯುವುದು ಹೂಳು ತುಂಬಿದ ಹಾಗೆ. ನಮಗೆ ಬೇಕಾದದ್ದು ಹೂಳು ತಡೆಯುವ ಔಷಧ. ಆದರೆ ಇಲ್ಲಿಯವರೆಗಿನ ಔಷಧಗಳೆಲ್ಲ ಗೇಟ್ ಮುಚ್ಚುವವರ ಕೈಯನ್ನೂ ಸ್ವಲ್ಪ ಕಟ್ಟುತ್ತವೆ.

ಗೇಟ್ ಮುಚ್ಚುವ ಕೆಲಸಕ್ಕೆ ಅಷ್ಟಾಗಿ ಬೇಡದ, ಹೂಳು ಬೆಳೆಯಲು ಮಾತ್ರ ಬೇಕಾದ ಒಂದು ಕೊಂಡಿ ಇದೆಯಾ? ಇದೆ ಎನ್ನುವ ಸುಳಿವು ಕೊಟ್ಟವರು ರೋಗಿಗಳೇ. 1953ರಲ್ಲಿ ಅಮೆರಿಕದ ವೈದ್ಯರು ಒಂದು ಕುಟುಂಬದಲ್ಲಿ ಹೊಸ ಬಗೆಯ ರಕ್ತಸ್ರಾವದ ಕಾಯಿಲೆ ಗುರುತಿಸಿದರು. ಇವರ ರಕ್ತದಲ್ಲಿ ಫ್ಯಾಕ್ಟರ್ 11 ಎನ್ನುವ ಪ್ರೋಟೀನ್ ಕಡಿಮೆ. ಫ್ಯಾಕ್ಟರ್ 8 ಅಥವಾ 9 ಇಲ್ಲದ ಹಿಮೋಫಿಲಿಯಾ ಮಕ್ಕಳಿಗೆ ಕೀಲುಗಳ ಒಳಗೇ ರಕ್ತ ತುಂಬುತ್ತದೆ. ಫ್ಯಾಕ್ಟರ್ 11 ಕಡಿಮೆ ಇರುವವರಲ್ಲಿ ಬಹಳ ಜನ ಹಲ್ಲು ಕೀಳಿಸುವಾಗಲೋ ಆಪರೇಷನ್ ಆದಾಗಲೋ ಬಿಟ್ಟರೆ ಆರಾಮಾಗಿಯೇ ಇರುತ್ತಾರೆ. ಆಮೇಲೆ ಗಮನಿಸಿದರೆ, ಅದು ತೀರಾ ಕಡಿಮೆ ಇದ್ದವರಲ್ಲಿ ಹೆಪ್ಪಿನಿಂದ ಬರುವ ಲಕ್ವ, ಕಾಲಿನ ರಕ್ತನಾಳದ ಹೆಪ್ಪು ಎರಡೂ ಕಡಿಮೆ. ಗಾಯವಾದಾಗ ಹೆಪ್ಪು ಶುರುವಾಗುವುದು ಬೇರೆ ದಾರಿಯಿಂದ. ಫ್ಯಾಕ್ಟರ್ 11ರ ಕೆಲಸ, ಶುರುವಾದದ್ದನ್ನು ದೊಡ್ಡದು ಮಾಡುವುದು. ಹಾಗಾದರೆ ಇದೊಂದನ್ನೇ ತಡೆದರೆ?

ಈ ದಾರಿಯಲ್ಲಿ ಎರಡು ಔಷಧಗಳ ಹೆಸರು ನೆನಪಿಟ್ಟುಕೊಳ್ಳಿ. ಒಂದು ಅಬೆಲಸಿಮ್ಯಾಬ್. ತಿಂಗಳಿಗೊಮ್ಮೆ ಚರ್ಮದ ಕೆಳಗೆ ಕೊಡುವ ಇಂಜೆಕ್ಷನ್. ನಿಮ್ಮ ಅಪ್ಪನಂಥದೇ ಕಾಯಿಲೆಯ 1,287 ಜನರಲ್ಲಿ ಇದನ್ನು ಅಪಿಕ್ಸಬಾನ್ ಥರದ್ದೇ ಗುಳಿಗೆಯಾದ ರಿವರಾಕ್ಸಬಾನ್ ಜೊತೆ ಹೋಲಿಸಿದರು. ರಕ್ತಸ್ರಾವ ಶೇ 60ಕ್ಕಿಂತ ಜಾಸ್ತಿ ಇಳಿಯಿತು. ವ್ಯತ್ಯಾಸ ಅಷ್ಟು ದೊಡ್ಡದಿದ್ದದ್ದಕ್ಕೆ 2023ರಲ್ಲಿ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಓದಿದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಆದರೆ ಲಕ್ವ ತಡೆಯುವುದರಲ್ಲಿ ಯಾವುದು ಮೇಲು ಎಂದು ಹೇಳಲು ಅಷ್ಟು ಜನ ಸಾಲದು.

ಇನ್ನೊಂದು ಅಸುಂಡೆಕ್ಸಿಯನ್, ನುಂಗುವ ಗುಳಿಗೆ. ಇದನ್ನು ನಿಮ್ಮ ಅಪ್ಪ ತೆಗೆದುಕೊಳ್ಳುವ ಅಪಿಕ್ಸಬಾನ್ ಎದುರಿಗೇ ನಿಲ್ಲಿಸಿದರು, 14,810 ಜನರಲ್ಲಿ. ದೊಡ್ಡ ರಕ್ತಸ್ರಾವ ಅಪಿಕ್ಸಬಾನ್ ತೆಗೆದುಕೊಂಡವರಲ್ಲಿ 53 ಜನಕ್ಕೆ, ಹೊಸದರಲ್ಲಿ ಬರೀ 17 ಜನಕ್ಕೆ. ಇಷ್ಟೇ ಓದಿ ಪುಟ ಮುಚ್ಚಿದರೆ ಹಬ್ಬ ಮಾಡಬೇಕು ಅನಿಸುತ್ತದೆ. ಮುಂದಿನ ಸಾಲು ಓದಬೇಕು. ಲಕ್ವ ಅಥವಾ ಬೇರೆ ಕಡೆ ಹೆಪ್ಪು ಸಿಕ್ಕಿಕೊಂಡದ್ದು ಅಪಿಕ್ಸಬಾನ್‌ನಲ್ಲಿ 26 ಜನಕ್ಕೆ, ಹೊಸದರಲ್ಲಿ 98 ಜನಕ್ಕೆ. 2023ರ ನವೆಂಬರ್‌ನಲ್ಲಿ ಆ ಪ್ರಯೋಗ ನಿಲ್ಲಿಸಿದರು. ರಕ್ತ ಸೋರಲಿಲ್ಲ, ಆದರೆ ಲಕ್ವ ತಡೆಯಲಿಲ್ಲ. ಅಂಥದ್ದನ್ನು ಸುರಕ್ಷಿತ ಎಂದು ನಾನು ಕರೆಯಲಾರೆ. ಕುಷ್ಟಗಿಯ ಆ ರೈತರಿಗೂ ಗುಳಿಗೆ ಬಿಟ್ಟ ಮೂರು ವಾರ ರಕ್ತ ಸೋರಿರಲಿಲ್ಲ.

ಅದೇ ಅಸುಂಡೆಕ್ಸಿಯನ್ ಬೇರೆ ಬಗೆಯ ರೋಗಿಗಳಲ್ಲಿ ಗೆದ್ದಿದೆ ಎನ್ನುವುದನ್ನೂ ಹೇಳಬೇಕು. ಹೃದಯದ ಹೆಪ್ಪಿನಿಂದಲ್ಲದೆ ಬಂದ ಲಕ್ವ ಒಂದು ಸಲ ಆದವರಿಗೆ, ಆಸ್ಪಿರಿನ್ ಥರದ ಔಷಧದ ಜೊತೆ ಇದನ್ನು ಕೊಟ್ಟಾಗ ಮತ್ತೆ ಲಕ್ವ ಬರುವುದು ಇಳಿಯಿತು, ದೊಡ್ಡ ರಕ್ತಸ್ರಾವ ಹೆಚ್ಚಲಿಲ್ಲ ಎಂದು 2025ರ ನವೆಂಬರ್‌ನಲ್ಲಿ ಪ್ರಕಟವಾಯಿತು. ಹಾಗಾಗಿ ದಾರಿ ತಪ್ಪಿಲ್ಲ. ಯಾರಿಗೆ, ಎಷ್ಟು ಪ್ರಮಾಣದಲ್ಲಿ ಎನ್ನುವುದನ್ನು ಹುಡುಕುತ್ತಿದ್ದಾರೆ. ಮಿಲ್ವೆಕ್ಸಿಯನ್ ಎನ್ನುವ ಇನ್ನೊಂದನ್ನೂ ತಾಳ ತಪ್ಪಿದ ಹೃದಯದವರಲ್ಲಿ ಅಪಿಕ್ಸಬಾನ್ ಎದುರಿಗೆ ಪರೀಕ್ಷೆಗೆ ಇಟ್ಟಿದ್ದಾರೆ.

ಅಪ್ಪನ ಕೈಯಲ್ಲಿರುವ ಗುಳಿಗೆಯೂ ಒಂದು ಕಾಲಕ್ಕೆ ಇಂಥ ಹೊಸ ಔಷಧವೇ ಆಗಿತ್ತು ಎಂದು ಅವರಿಗೆ ಹೇಳಿ. 2011ರಲ್ಲಿ 18,201 ಜನರ ಪ್ರಯೋಗದಲ್ಲಿ ಇದು ರಕ್ತ ತೆಳು ಮಾಡುವ ಹಳೆಯ ಗುಳಿಗೆ ವಾರ್ಫರಿನ್‌ಗಿಂತ ದೊಡ್ಡ ರಕ್ತಸ್ರಾವವನ್ನು ಶೇ 31ರಷ್ಟು ಇಳಿಸಿತು. ತಲೆಯೊಳಗಿನ ರಕ್ತಸ್ರಾವ ಅರ್ಧಕ್ಕಿಂತ ಕಡಿಮೆಯಾಯಿತು. ಲಕ್ವವೂ ಕಡಿಮೆಯಾಯಿತು. ಆಗ ಬಹಳ ದುಬಾರಿ ಇತ್ತು. ಪೇಟೆಂಟ್ ಮುಗಿದ ಮೇಲೆ ನಮ್ಮ ದೇಶದ ಎಷ್ಟೋ ಕಂಪನಿಗಳು ಮಾಡುತ್ತಿವೆ, ಬೆಲೆ ಇಳಿದಿದೆ.

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಸಿಂಧನೂರು ತಾಲೂಕು. ಆರು ವರ್ಷದ ಹಿಂದೆ ಹೃದಯದಲ್ಲಿ ಲೋಹದ ವಾಲ್ವ್ ಹಾಕಿದ್ದಾರೆ. ರಕ್ತ ತೆಳು ಮಾಡುವ ಅಸಿಟ್ರಾಮ್ ಗುಳಿಗೆ ನಡೆದಿದೆ. ಐಎನ್ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎನ್ನುವ ಲೆಕ್ಕ, ಜಾಸ್ತಿ ಬಂದಷ್ಟೂ ತಡ) ಒಮ್ಮೆ 1.5 ಬರುತ್ತದೆ, ಒಮ್ಮೆ 5 ಬರುತ್ತದೆ. ತಪ್ಪಲು ಪಲ್ಯ ಮುಟ್ಟಲೇಬೇಡ ಎಂದಿದ್ದಾರೆ. ರೊಟ್ಟಿ ಜೊತೆ ಪಲ್ಯ ಇಲ್ಲದೆ ನಾವು ಹೆಂಗ ಉಣ್ಣೋದು? ರಕ್ತ ಪರೀಕ್ಷೆ ಬೇಡದ ಹೊಸ ಗುಳಿಗೆ ನನಗೇಕೆ ಕೊಡುವುದಿಲ್ಲ?

ಉತ್ತರ: ತಂಗಿ, ನಿನ್ನ ಪತ್ರ ಓದುವಾಗ ನಮ್ಮಕ್ಕ ಕಣ್ಣ ಮುಂದೆ ಬಂದಳು. ಅವಳಿಗೆ ಚಿಕ್ಕಂದಿನಲ್ಲಿ ಗಂಟಲು ನೋವು, ಆಮೇಲೆ ಕೀಲು ಬಾವು, ಜ್ವರ. ಯಾರೂ ಅಷ್ಟು ಗಮನ ಕೊಡಲಿಲ್ಲ. ಆ ಜ್ವರ ವಾಲ್ವ್ ತಿಂದಿತ್ತು. ಇಪ್ಪತ್ತು ವರ್ಷದ ಮೇಲಾಯಿತು ಲೋಹದ ವಾಲ್ವ್ ಹಾಕಿಸಿಕೊಂಡು. ರಾತ್ರಿ ಅವಳ ಪಕ್ಕ ಮಲಗಿದರೆ ಈಗಲೂ ಟಿಕ್ ಟಿಕ್ ಎಂದು ಕೇಳುತ್ತದೆ, ದಿಂಬಿನ ಕೆಳಗೆ ಕೈಗಡಿಯಾರ ಇಟ್ಟ ಹಾಗೆ.

ಹೊಸ ಗುಳಿಗೆ ಯಾಕಿಲ್ಲ ಎಂದು ಅವಳೂ ಕೇಳಿದ್ದಳು. ಡಾಕ್ಟರುಗಳು ಜಿಪುಣತನ ಮಾಡುತ್ತಿಲ್ಲ. ಲೋಹದ ವಾಲ್ವ್ ಇದ್ದವರಲ್ಲಿ ಡಬಿಗಟ್ರಾನ್ ಎನ್ನುವ ಹೊಸ ಗುಳಿಗೆ ಕೊಟ್ಟು ನೋಡಿದ್ದರು. ಹೆಪ್ಪೂ ಜಾಸ್ತಿ, ರಕ್ತಸ್ರಾವವೂ ಜಾಸ್ತಿ ಆಗಿ 2012ರಲ್ಲಿ ನಿಲ್ಲಿಸಿದರು. ಅಪಿಕ್ಸಬಾನ್ ಪ್ರಯೋಗವೂ 2022ರಲ್ಲಿ ನಿಂತಿತು, ವಾರ್ಫರಿನ್ ತೆಗೆದುಕೊಂಡವರಿಗಿಂತ ಹೆಪ್ಪು ಜಾಸ್ತಿಯಾಗಿ. ವಾಲ್ವ್ ಹಾಕಿಸದೆ, ಇದೇ ಕೀಲು ಬಾವಿನ ಜ್ವರದಿಂದ ಹೃದಯ ಕೆಟ್ಟು ಬಡಿತ ತಾಳ ತಪ್ಪಿದವರ ಮೇಲೆ ಇನ್ನೊಂದು ದೊಡ್ಡ ಅಧ್ಯಯನ 2022ರಲ್ಲಿ ಹೊರಬಂತು. ಭಾರತದ ರೋಗಿಗಳೂ ಇದ್ದರು, ಒಟ್ಟು 4,500ಕ್ಕೂ ಹೆಚ್ಚು ಜನ. ಅಲ್ಲಿಯೂ ರಿವರಾಕ್ಸಬಾನ್‌ಗಿಂತ ಹಳೆಯ ಗುಳಿಗೆಯಲ್ಲೇ ಸಾವು ಕಡಿಮೆ. ಹಳೆಯದು ಎಂದರೆ ಕೀಳಲ್ಲ.

ಫ್ಯಾಕ್ಟರ್ 11 ತಡೆಯುವ ಔಷಧ ಲೋಹದ ವಾಲ್ವಿಗೆ ಚೆನ್ನಾಗಿ ಹೊಂದಬಹುದು ಎಂದು ಒಂದು ತರ್ಕ ಇದೆ. ಲೋಹ, ಕಾರ್ಬನ್ ಇಂಥ ಹೊರಗಿನ ವಸ್ತು ತಾಗಿ ರಕ್ತ ಹೆಪ್ಪುಗಟ್ಟುವಾಗ ಆ ದಾರಿ ಫ್ಯಾಕ್ಟರ್ 11ರ ಮೂಲಕವೇ ಹೋಗುತ್ತದೆ. ಕಾಗದದ ಮೇಲೆ ಚೆಂದ ಕಾಣುತ್ತದೆ. ರೋಗಿಗಳಲ್ಲಿ ಸಾಬೀತಾಗುವ ತನಕ ನಮ್ಮಕ್ಕನಿಗೂ ಕೊಡುವುದಿಲ್ಲ, ನಿನಗೂ ಬೇಡ.

ಪಲ್ಯದ ಮಾತು. ನಿನ್ನ ಗುಳಿಗೆಯ ಮೂಲ ಕಥೆ ಮೇವಿನಿಂದಲೇ ಶುರುವಾಗಿದ್ದು. ಅಮೆರಿಕ, ಕೆನಡಾದಲ್ಲಿ 1920ರ ದಶಕದಲ್ಲಿ ಬೂಷ್ಟು ಹಿಡಿದ ಒಂದು ಮೇವು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದವು. 1933ರ ಚಳಿಗಾಲದಲ್ಲಿ ವಿಸ್ಕಾನ್ಸಿನ್‌ನ ಒಬ್ಬ ರೈತ, ಹೆಪ್ಪುಗಟ್ಟದ ದನದ ರಕ್ತವನ್ನು ಹಾಲಿನ ಕ್ಯಾನಿನಲ್ಲಿ ತುಂಬಿಕೊಂಡು ಹಿಮದಲ್ಲಿ ಸುಮಾರು 300 ಕಿಲೋಮೀಟರ್ ಬಂದು ಕಾರ್ಲ್ ಲಿಂಕ್ ಎನ್ನುವ ವಿಜ್ಞಾನಿಯ ಲ್ಯಾಬಿನಲ್ಲಿ ಇಟ್ಟ. ಅದನ್ನೇ ಹಿಂಬಾಲಿಸಿ ಹೋಗಿ ವಾರ್ಫರಿನ್ ಸಿಕ್ಕಿತು. 1948ರಲ್ಲಿ ಇಲಿ ಪಾಷಾಣವಾಗಿ, 1954ರಲ್ಲಿ ಮನುಷ್ಯರ ಔಷಧವಾಗಿ ಬಂತು. ಅಸಿಟ್ರಾಮ್ ಅದರ ತಂಗಿ ಇದ್ದ ಹಾಗೆ. ಇವು ವಿಟಮಿನ್ ಕೆ ಕೆಲಸವನ್ನು ತಡೆಯುತ್ತವೆ. ಹಸಿರು ತಪ್ಪಲಿನಲ್ಲಿ ಇರುವುದು ಅದೇ ವಿಟಮಿನ್ ಕೆ. ಜಾಸ್ತಿ ತಿಂದರೆ ಗುಳಿಗೆ ಸೋಲುತ್ತದೆ, ಪೂರ್ತಿ ಬಿಟ್ಟರೆ ಗುಳಿಗೆ ಮಿತಿ ಮೀರುತ್ತದೆ.

ಮುಟ್ಟಲೇಬೇಡ ಎಂದದ್ದನ್ನು ನಾನು ಒಪ್ಪುವುದಿಲ್ಲ. ಬಿಡಬೇಡ, ಅಳತೆ ಇಟ್ಟುಕೋ. ದಿನಾ ಒಂದು ಸಣ್ಣ ಬಟ್ಟಲು ಅಂದರೆ ದಿನಾ ಅಷ್ಟೇ. ಅಕ್ಕನಿಗೆ ಪ್ರತಿ ವರ್ಷ ಐಎನ್ಆರ್ ಕೆಳಗೆ ಬೀಳುತ್ತಿದ್ದದ್ದು ಎಳ್ಳಮಾವಾಸ್ಯೆಯ ಹೊತ್ತಿಗೆ. ಚರಗ ಚೆಲ್ಲಲು ಹೊಲಕ್ಕೆ ಹೋಗುವುದು, ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಜೊತೆಗೆ ಹಸಿ ಮೆಂತ್ಯ, ಹಕ್ಕರಕಿ, ಕಡಲೆ ಗಿಡದ ಚಿಗುರು. ಬುತ್ತಿ ಉಳಿದದ್ದು ಇನ್ನೂ ಎರಡು ದಿನ. ಮುಂದಿನ ವಾರ ನೋಡಿದರೆ 1.4. ಈಗ ಅವಳು ಹೊಲಕ್ಕೂ ಹೋಗುತ್ತಾಳೆ, ಪಲ್ಯವನ್ನೂ ತಿನ್ನುತ್ತಾಳೆ, ಮನೆಯ ಬಟ್ಟಲನ್ನೇ ಬುತ್ತಿಯಲ್ಲಿ ಕಟ್ಟಿಕೊಂಡು.

ನಿನಗೆ 5 ಬಂದದ್ದು ಯಾವಾಗ ಎಂದು ಯೋಚಿಸು. ಆ ವಾರ ಭೇದಿಗೆ ಮೆಟ್ರೊನಿಡಜೋಲ್ ತಗೊಂಡಿದ್ದೆಯಾ? ಗಜಕರ್ಣಕ್ಕೆ ಫ್ಲುಕೊನಜೋಲ್? ಜ್ವರ ಬಂದು ಉಪವಾಸ ಇದ್ದೆಯಾ? ಇವೆಲ್ಲ ಐಎನ್ಆರ್ ಏರಿಸುತ್ತವೆ. ಹೊಸ ಗುಳಿಗೆ ಯಾವುದೇ ಶುರು ಮಾಡಿದರೂ ಮೂರು, ನಾಲ್ಕು ದಿನಕ್ಕೆ ಐಎನ್ಆರ್ ನೋಡಿಸು. ನಿನಗೆ ಎಷ್ಟಿರಬೇಕು ಎಂದು ವಾಲ್ವ್ ಹಾಕಿದ ಡಾಕ್ಟರನ್ನೇ ಕೇಳಿ ಬರೆಸಿಕೋ. ಅದು ವಾಲ್ವ್ ಯಾವ ಜಾಗದಲ್ಲಿದೆ, ಯಾವ ಬಗೆಯದು ಎನ್ನುವುದರ ಮೇಲೆ ಬೇರೆ ಬೇರೆ. ಎಷ್ಟೋ ಜನಕ್ಕೆ 2.5ರಿಂದ 3.5ರ ನಡುವೆ ಇಡುತ್ತೇವೆ. ಅಕ್ಕ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದಾಳೆ. ತಾರೀಖು, ಐಎನ್ಆರ್, ಎಷ್ಟು ಗುಳಿಗೆ. ಅಂಚಿನಲ್ಲಿ 'ಜ್ವರ', 'ಮದುವೆ ಊಟ' ಎಂದು ಸಣ್ಣಗೆ ಬರೆದಿರುತ್ತಾಳೆ. ಆ ಅಂಚು ನೋಡಿದರೆ ನನಗೆ ಅರ್ಧ ಉತ್ತರ ಸಿಗುತ್ತದೆ.

ಇನ್ನೊಂದು ಮಾತು, ಇದನ್ನು ಹೇಳದೆ ಇರಲಾರೆ. ಒಮ್ಮೆ ಅಕ್ಕನಿಗೆ ಮೈಕೈ ನೋವು, ಜ್ವರ. ಊರಲ್ಲೇ ಒಬ್ಬರ ಹತ್ತಿರ ಸೊಂಟಕ್ಕೆ ಸೂಜಿ ಮಾಡಿಸಿಕೊಂಡಳು. ವಾಲ್ವ್ ಇದೆ ಎಂದು ಅವಳು ಹೇಳಲಿಲ್ಲ, ಅವರೂ ಕೇಳಲಿಲ್ಲ. ಸಂಜೆಗೆ ಆ ಜಾಗ ಕಲ್ಲಿನ ಹಾಗೆ ಗಟ್ಟಿಯಾಯಿತು. ಬೆಳಿಗ್ಗೆ ತೊಡೆಯ ತನಕ ಬದನೆಕಾಯಿ ಬಣ್ಣ. ಎರಡು ಬಾಟಲಿ ರಕ್ತ ಹಾಕಬೇಕಾಯಿತು. ಅವಳಿಗೆ ಮೊದಲೇ ತಿಳಿಸಿ ಹೇಳದೆ ಇದ್ದದ್ದು ನನ್ನ ತಪ್ಪು. ನೀನು ಮಾಂಸಖಂಡಕ್ಕೆ ಸೂಜಿ ಮಾಡಿಸಿಕೊಳ್ಳಬೇಡ. 'ನಾನು ರಕ್ತ ತೆಳು ಮಾಡುವ ಗುಳಿಗೆ ತಗೋತೀನಿ' ಎನ್ನುವ ಚೀಟಿ ಪರ್ಸಿನಲ್ಲಿ ಇಟ್ಟುಕೋ. ಬಸುರಿಯಾಗುವ ಯೋಚನೆ ಇದ್ದರೆ ಮೊದಲೇ ಬಂದು ಕೇಳು. ಈ ಗುಳಿಗೆ ಮೊದಲ ಮೂರು ತಿಂಗಳಲ್ಲಿ ಮಗುವಿಗೆ ತೊಂದರೆ ಮಾಡಬಹುದು. ಆದರೆ ನೀನಾಗಿ ನಿಲ್ಲಿಸಿದರೆ ಹೆಪ್ಪು ಸೇರಿ ವಾಲ್ವ್ ಕಟ್ಟಿಕೊಳ್ಳಬಹುದು.

ಪ್ರಶ್ನೆ: ನನಗೆ 68. ಬಳ್ಳಾರಿ. ದಿನಾ ಬೆಳಿಗ್ಗೆ ಬೆಳ್ಳುಳ್ಳಿ, ಶುಂಠಿ ಕಷಾಯ ಕುಡಿದರೆ ರಕ್ತ ತೆಳುವಾಗುತ್ತದೆ ಅಂತಾರೆ. ರಿವರಾಕ್ಸಬಾನ್ ಬಿಟ್ಟು ಇದನ್ನೇ ಕುಡಿಯಬಹುದಾ?

ಉತ್ತರ: ಬೇಡ ಹಿರಿಯರೇ. 'ರಕ್ತ ತೆಳು' ಎನ್ನುವ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಮಜ್ಜಿಗೆಗೆ ನೀರು ಬೆರೆಸಿದ ಹಾಗೆ ರಕ್ತ ತೆಳುವಾಗುವುದಿಲ್ಲ. ಹೆಪ್ಪುಗಟ್ಟುವ ವೇಗ ಕಡಿಮೆಯಾಗುತ್ತದೆ, ಅಷ್ಟೇ. ಸಾರಿಗೆ ಹಾಕುವ ಬೆಳ್ಳುಳ್ಳಿಗೆ ನನ್ನ ತಕರಾರಿಲ್ಲ. ಆದರೆ ಕಷಾಯ ಲಕ್ವ ತಡೆಯುವುದಿಲ್ಲ. ಗುಳಿಗೆಯ ಜೊತೆಗೆ ಬಟ್ಟಲುಗಟ್ಟಲೆ ಕುಡಿದರೆ ರಕ್ತ ಸೋರುವುದು ಹೆಚ್ಚಬಹುದು. ರಿವರಾಕ್ಸಬಾನ್ 20 ಅಥವಾ 15 ಮಿಲಿಗ್ರಾಂ ಇದ್ದರೆ ಊಟದ ಜೊತೆಗೇ ತೆಗೆದುಕೊಳ್ಳಿ. ಖಾಲಿ ಹೊಟ್ಟೆಯಲ್ಲಿ ಅದು ಸರಿಯಾಗಿ ಮೈಗೆ ಹತ್ತುವುದಿಲ್ಲ.

ಪ್ರಶ್ನೆ: ರಾಯಚೂರಿನಿಂದ ಬರೆಯುತ್ತಿದ್ದೇನೆ. ನಮ್ಮ ಅತ್ತೆ ವಾರ್ಫರಿನ್ ತೆಗೆದುಕೊಳ್ಳುತ್ತಾರೆ. ಒಂದು ದವಡೆ ಹಲ್ಲು ತೆಗೆಸಬೇಕು. ಗುಳಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು?

ಉತ್ತರ: ಒಂದೇ ಹಲ್ಲಿಗೆ ಸಾಮಾನ್ಯವಾಗಿ ನಿಲ್ಲಿಸುವುದೇ ಬೇಡ. ಹಿಂದಿನ ದಿನ ಐಎನ್ಆರ್ ನೋಡಿಸಿ. ಅದು ಅವರಿಗೆ ಹೇಳಿದ ಮಿತಿಯೊಳಗಿದ್ದರೆ ಆ ರಿಪೋರ್ಟ್ ಹಿಡಿದುಕೊಂಡು ಹಲ್ಲಿನ ಡಾಕ್ಟರ ಹತ್ತಿರ ಹೋಗಿ. ಅವರು ಹೊಲಿಗೆ ಹಾಕಿ, ಬೇಕಾದರೆ ರಕ್ತ ನಿಲ್ಲಿಸುವ ಔಷಧವಾದ ಟ್ರಾನೆಕ್ಸಾಮಿಕ್ ಆಸಿಡ್‌ನಿಂದ ಬಾಯಿ ಮುಕ್ಕಳಿಸಲು ಹೇಳುತ್ತಾರೆ. ಬೆಳಗಿನ ಹೊತ್ತೇ ತೆಗೆಸಿ, ವಾರದ ಮೊದಲ ದಿನಗಳಲ್ಲಿ. ರಕ್ತ ನಿಲ್ಲದಿದ್ದರೆ ಮತ್ತೆ ಹೋಗಲು ಕ್ಲಿನಿಕ್ ತೆರೆದಿರಬೇಕಲ್ಲ. ಮನೆಗೆ ಬಂದ ಮೇಲೆ ಹತ್ತಿಯನ್ನು ಅರ್ಧ ಗಂಟೆ ಗಟ್ಟಿಯಾಗಿ ಕಚ್ಚಿ ಹಿಡಿಯಲಿ, ನಡುವೆ ತೆಗೆದು ತೆಗೆದು ನೋಡುವುದು ಬೇಡ. ಆ ದಿನ ಬಿಸಿ ಚಹಾ ಬೇಡ, ಅಂಬಲಿ ತಣ್ಣಗೆ ಮಾಡಿ ಕೊಡಿ.